ಏಳು ದೊಡ್ಡದೋ, ಮೂರು ದೊಡ್ಡದೋ?

ಮುಂಗಾರು ಬಿತ್ತನೆಯ ಹೊತ್ತಿಗೆ ರಾಯಚೂರಿನ ಕಂಪ್ಯೂಟರ್ ಅಂಗಡಿಗಳಿಗೆ ಬೇರೆಯೇ ಬಗೆಯ ಗಿರಾಕಿಗಳು ಬರುತ್ತಾರೆ. ದೇವದುರ್ಗದ ಹತ್ತಿ ಬೆಳೆಗಾರರು, ಮಾನ್ವಿಯ ಭತ್ತದ ರೈತರು. ಜೊತೆಗೆ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಲಿರುವ ಮಗನೋ ಮಗಳೋ. ಬೀಜ-ಗೊಬ್ಬರಕ್ಕೆ ಹಣ ಬೇಕಾದ ಕಾಲದಲ್ಲೇ ಕಂಪ್ಯೂಟರಿಗೂ ಹಣ ಹೊಂದಿಸಬೇಕು. ಅಂಗಡಿಯವರು ಮೂರು ಯಂತ್ರಗಳನ್ನು ಮುಂದಿಟ್ಟು, ‘ಇದು ಐ-ತ್ರೀ, ಇದು ಐ-ಸೆವೆನ್, ಅದು ರೈಜೆನ್’ ಎನ್ನುತ್ತಾರೆ. ‘ಏಳು ಅಂದ್ರ ಮೂರಕ್ಕಿಂತ ಜಾಸ್ತಿ ಅಲ್ಲೇನ್ರೀ?’ ಎಂಬುದು ತಂದೆಯ ಪ್ರಶ್ನೆ. ಪ್ರಶ್ನೆ ಸಹಜವಾದದ್ದೇ. ಆದರೆ ಪ್ರೊಸೆಸರುಗಳ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ಕೈಕೊಡುತ್ತದೆ.

ಇಂಟೆಲ್ ಕಂಪನಿಯದೇ ಎರಡು ಸರಕು ನೋಡಿ. 2014ರಲ್ಲಿ ಬಂದ ಕೋರ್ ಐ7-4790ರ ಬೆಲೆ ಆಗ 303 ಡಾಲರ್. 2022ರಲ್ಲಿ ಬಂದ ಐ3-12100ರ ಬೆಲೆ 122 ಡಾಲರ್. ಎರಡರಲ್ಲೂ ನಾಲ್ಕೇ ‘ಕೋರ್’ಗಳು, ಅಂದರೆ ಕೆಲಸ ಮಾಡುವ ನಾಲ್ಕು ಮಿದುಳುಗಳು. ಎರಡರ ಗರಿಷ್ಠ ವೇಗವೂ ನಾಲ್ಕು ಗಿಗಾಹರ್ಟ್ಸ್‌ನ ಆಸುಪಾಸು. ಆದರೂ ಹೊಸ ‘ಮೂರು’ ಹಳೆಯ ‘ಏಳ’ನ್ನು ಸುಲಭವಾಗಿ ಹಿಂದೆ ಹಾಕುತ್ತದೆ!

ಹೇಗೆ? ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕೋಟಿ ಸಲ ಪ್ರೊಸೆಸರಿನ ನಾಡಿ ಮಿಡಿಯುತ್ತದೆ ಎಂಬುದರ ಅಳತೆ ಮಾತ್ರ. ಹತ್ತಿ ಬಿಡಿಸುವ ಇಬ್ಬರ ಕೈಗಳು ಒಂದೇ ವೇಗದಲ್ಲಿ ಓಡುತ್ತಿರಬಹುದು. ಒಬ್ಬರು ಪ್ರತಿ ಸಲ ಒಂದು ಕಾಯಿ ಬಿಡಿಸಿದರೆ ಇನ್ನೊಬ್ಬರು ಎರಡು ಬಿಡಿಸುತ್ತಾರೆ. ಸಂಜೆ ತೂಕಕ್ಕೆ ಇಟ್ಟಾಗ ಗೊತ್ತಾಗುವುದು ಕೈಯ ವೇಗವಲ್ಲ, ಚೀಲದ ಭಾರ. ಒಂದೊಂದು ಮಿಡಿತದಲ್ಲಿ ಹೆಚ್ಚು ಕೆಲಸ ಮುಗಿಸುವಂತೆ ಹೊಸ ಚಿಪ್ಪುಗಳ ಒಳರಚನೆ ಬದಲಾಗಿದೆ. ಆದ್ದರಿಂದ ‘ಸೆಕೆಂಡ್ ಹ್ಯಾಂಡ್ ಐ-ಸೆವೆನ್, ಅಗ್ಗ’ ಎಂದು ಯಾರಾದರೂ ಹೇಳಿದರೆ ಗೀಟಿನ ನಂತರದ ಅಂಕಿ ನೋಡಬೇಕು. 4790ರ ‘4’, 12100ರ ‘12’ ಇವು ತಲೆಮಾರಿನ ಗುರುತು.

ಎದುರಾಳಿ ಎಎಂಡಿಯ ಅಂಕಿಗಳು ಇನ್ನೂ ತಲೆತಿನ್ನುತ್ತವೆ. ಲ್ಯಾಪ್‌ಟಾಪಿನ ರೈಜೆನ್ 5 7520ಯು ಮತ್ತು ರೈಜೆನ್ 5 7540ಯು ಹೆಸರಿನಲ್ಲಿ ಅಕ್ಕತಂಗಿಯರಂತಿವೆ. ಆದರೆ ಈ ಸಾಲಿನಲ್ಲಿ ಒಳರಚನೆಯ ವಯಸ್ಸನ್ನು ಹೇಳುವುದು ಮೂರನೆಯ ಅಂಕಿ. ಮೊದಲನೆಯದರಲ್ಲಿ ‘2’, ಅಂದರೆ 2019ರಲ್ಲಿ ಮೊದಲು ಬಂದ ರಚನೆ; ಎರಡನೆಯದರಲ್ಲಿ ‘4’, ಅಂದರೆ 2022ರದು. ಹಳೆ ಬೀಜಕ್ಕೆ ಹೊಸ ಪೊಟ್ಟಣ! ಇಂಟೆಲ್ ಕೂಡ ಸಾಚಾ ಏನಲ್ಲ. ಅದರ ಐ3-14100, ವೇಗವನ್ನು ತುಸು ಏರಿಸಿದ 12100 ಅಷ್ಟೇ. ಕೊಳ್ಳುವವರ ಗೊಂದಲದಿಂದ ಲಾಭ ಕಾಣುವ ಈ ಚಾಳಿಯಲ್ಲಿ ಇಬ್ಬರೂ ಸಮಸಮ.

ಹಾಗೆಂದು ಇವರ ಜಗಳದಿಂದ ಗಿರಾಕಿಗೆ ನಷ್ಟವಾಗಿಲ್ಲ. 386 ಚಿಪ್ಪನ್ನು 1985ರಿಂದ ಇಂಟೆಲ್ ಒಂದೇ ಮಾರುತ್ತಿತ್ತು. 1991ರಲ್ಲಿ ಎಎಂಡಿ ತನ್ನದೇ 386 ತಂದು, ಇಂಟೆಲ್‌ನ 33 ಮೆಗಾಹರ್ಟ್ಸ್‌ಗೆ ಎದುರಾಗಿ 40 ಮೆಗಾಹರ್ಟ್ಸ್ ಕೊಟ್ಟಿತು. ಪೆಂಟಿಯಮ್ ರೂಪಿಸಿದವರಲ್ಲಿ ಪ್ರಮುಖರಾದ ಭಾರತೀಯ ಮೂಲದ ವಿನೋದ್ ಧಾಮ್ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿ ಸೇರಿದರು. ಎಎಂಡಿ 1996ರಲ್ಲಿ ಅದನ್ನು ಕೊಂಡಿತು. ಮರುವರ್ಷ ಹೊರಬಂದ ಕೆ6 ಚಿಪ್ಪು ಪೆಂಟಿಯಮ್‌ಗೇ ಪೈಪೋಟಿ ಒಡ್ಡಿತು. 2017ರಲ್ಲಿ ಎಂಟು ಕೋರುಗಳ ರೈಜೆನ್ 7 1800ಎಕ್ಸ್ 499 ಡಾಲರಿಗೆ ಬಂದಾಗ, ಇಂಟೆಲ್‌ನ ಎಂಟು ಕೋರುಗಳ ಐ7-6900ಕೆ ಸಾವಿರ ಡಾಲರಿಗೂ ಮೇಲಿತ್ತು.

ರಾಯಚೂರು ಸೀಮೆಗೆ ಇನ್ನೊಂದು ಲೆಕ್ಕವೂ ಇದೆ: ಬಿಸಿಲು. ಫ್ಯಾನು ಚಿಪ್ಪಿನ ಶಾಖವನ್ನು ಹೊರಹಾಕುವುದು ಕೋಣೆಯ ಗಾಳಿಗೆ. ಗಾಳಿ 10 ಡಿಗ್ರಿ ಹೆಚ್ಚು ಬಿಸಿಯಿದ್ದರೆ, ಅದೇ ಕೆಲಸಕ್ಕೆ ಅದೇ ಫ್ಯಾನಿನಡಿ ಚಿಪ್ಪೂ ಸುಮಾರು 10 ಡಿಗ್ರಿ ಹೆಚ್ಚು ಕಾಯುತ್ತದೆ. 100 ಡಿಗ್ರಿಯ ಹತ್ತಿರ ಬಂದಾಗ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಎಸಿ ಕೋಣೆಯಲ್ಲಿ ಪರೀಕ್ಷಿಸಿ ಬರೆದ ವೇಗ ಮೇ ತಿಂಗಳಲ್ಲಿ ದೇವದುರ್ಗದ ತಗಡಿನ ಮಾಳಿಗೆಯಡಿ ಸಿಗಲಾರದು. ಹೀಗಾಗಿ ಕಡಿಮೆ ವಾಟ್‌ನ ಚಿಪ್ಪು ಇಲ್ಲಿ ತುಸು ದುಬಾರಿಯಾದರೂ ಲೇಸು.

ಕರೆಂಟಿನ ಲೆಕ್ಕವೂ ಅದನ್ನೇ ಹೇಳುತ್ತದೆ. ತಹಸೀಲ್ದಾರ್ ಕಚೇರಿಯ ಎದುರಿನ ಡಿಟಿಪಿ ಅಂಗಡಿಯಲ್ಲಿ ಒಂದು ಯಂತ್ರ ಇನ್ನೊಂದಕ್ಕಿಂತ 50 ವಾಟ್ ಹೆಚ್ಚು ಎಳೆಯುತ್ತದೆ ಎನ್ನೋಣ. ದಿನಕ್ಕೆ 8 ತಾಸು, ತಿಂಗಳಿಗೆ 25 ದಿನ ಎಂದರೆ 10 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 840 ರೂಪಾಯಿ. ಐದು ವರ್ಷದಲ್ಲಿ 4,200 ರೂಪಾಯಿ! ಅಗ್ಗವೆಂದು ಕೊಂಡ ಯಂತ್ರದ ಉಳಿತಾಯ ಜೆಸ್ಕಾಂ ಬಿಲ್ಲಿಗೆ ಹೋಯಿತು.

ಇಷ್ಟಕ್ಕೂ ಯಂತ್ರ ಯಾವ ಕೆಲಸಕ್ಕೆ? 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿತು. ಆ ಯಂತ್ರಗಳ ಚಿಪ್ಪು ಇಂದಿನ ಅಗ್ಗದ ಮೊಬೈಲಿಗೂ ಸಾಟಿಯಲ್ಲ; ಪಹಣಿ ಮುದ್ರಿಸಲು ಅಷ್ಟು ಸಾಕಿತ್ತು. ನುಡಿಯಲ್ಲಿ ಅರ್ಜಿ ಟೈಪು ಮಾಡುವವರಿಗೆ ಈಗಲೂ ಮೂರನೆಯ ದರ್ಜೆಯ ಹೊಸ ಚಿಪ್ಪು ಧಾರಾಳವಾಯಿತು. ಉಳಿದ ಹಣ ಎಸ್‌ಎಸ್‌ಡಿಗೆ ಮತ್ತು 16 ಜಿಬಿ ರ್‍ಯಾಮಿಗೆ ಹೋಗಲಿ. ಕಂಪ್ಯೂಟರ್ ಸೈನ್ಸ್ ಓದುವ ಮಗಳಿಗಾದರೆ ಆರು ಕೋರುಗಳ ಚಿಪ್ಪು ನಾಲ್ಕು ವರ್ಷ ಬಾಳೀತು, ಹೆಸರು ಇಂಟೆಲ್ ಇರಲಿ ಎಎಂಡಿ ಇರಲಿ. ಆದರೆ ಬಿಲ್ಲಿನಲ್ಲಿ ‘ಐ-ಫೈವ್ ಲ್ಯಾಪ್‌ಟಾಪ್’ ಎಂದಷ್ಟೇ ಬರೆಸಿಕೊಂಡು ಬಸ್ಸು ಹತ್ತಬಾರದು. ಮಾಡೆಲ್ ಸಂಖ್ಯೆ ಪೂರ್ತಿ ಇರಬೇಕು, ಕೊನೆಯ ಅಕ್ಷರ ಸಹಿತ. ರ್‍ಯಾಮ್ ಮುಂದೆ ಹೆಚ್ಚಿಸಲು ಬರುತ್ತದೆಯೋ, ಬೋರ್ಡಿಗೇ ಬೆಸುಗೆ ಹಾಕಿದೆಯೋ ಎಂಬುದನ್ನೂ ಹಣ ಎಣಿಸುವ ಮೊದಲೇ ಕೇಳಬೇಕು.