ಕಲ್ಯಾಣದಿಂದ ಕಡಲಿಗೆ

ಪ್ರವಾಸ ಮಾಡುವುದು ಸುಲಭ. ಹೊರಡಲು ನಿಶ್ಚಯಿಸುವುದೇ ಕಷ್ಟ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಕಡಲು ನೋಡುವ ಮಾತು ಎದ್ದು ಹತ್ತು ವರ್ಷವಾಯಿತು. ಮಕ್ಕಳ ಪರೀಕ್ಷೆ ಮುಗಿಯಲಿ, ಮದುವೆ ಮುಗಿಯಲಿ, ಮಳೆ ನಿಲ್ಲಲಿ ಎಂದು ಮುಂದೂಡುತ್ತಲೇ ಬಂದೆವು. ಇಷ್ಟರಲ್ಲಿ ಅವ್ವನಿಗೆ ೭೮ ತುಂಬಿತು. ಮೊಣಕಾಲು ಮೆಟ್ಟಿಲುಗಳನ್ನು ಎಣಿಸತೊಡಗಿತು. ತ್ರಿಪುರಾಂತದ ಕೆರೆಗಿಂತ ಹಿರಿದಾದ ನೀರನ್ನು ಅವಳು ಕಂಡವಳಲ್ಲ.

ಭೂಪಟವನ್ನು ಹರಡಿ ಕುಳಿತಾಗ, ಕಲ್ಯಾಣಕ್ಕೂ ಕಡಲಿಗೂ ಇರುವ ನಂಟು ಹೊಸದಲ್ಲವೆಂಬುದು ನೆನಪಾಯಿತು. ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿ ಗೋವೆಯ ಕದಂಬ ಇಮ್ಮಡಿ ಜಯಕೇಶಿಯ ಕೈಹಿಡಿದು ಕಡಲ ನಾಡಿಗೆ ಸೊಸೆಯಾಗಿ ಹೋದಳು. ಹನ್ನೆರಡನೆಯ ಶತಮಾನದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನೂ ಶರಣರೂ ಉಳವಿಯತ್ತ ನಡೆದರೆಂಬುದು ನಮ್ಮ ಪರಂಪರೆ. ಅವರು ನಡೆದು ಸವೆಸಿದ ದೂರವನ್ನು ರೈಲಿನಲ್ಲಿ, ಬಾಡಿಗೆಯ ಕಾರಿನಲ್ಲಿ ಸವೆಸಲು ನಾವು ಅಂಜಬೇಕೆ?

ಬಸವಕಲ್ಯಾಣಕ್ಕೆ ರೈಲಿಲ್ಲ, ಹುಮನಾಬಾದಿಗೆ ಉಂಟು. ಬೀದರ–ಕಲಬುರಗಿ ಮಾರ್ಗ ೨೦೧೭ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು. ಕಲಬುರಗಿಗೆ ಹೋಗಿ, ಹೋಟಗಿಯಲ್ಲಿ ಹೊರಳಿ, ವಿಜಯಪುರ, ಗದಗುಗಳ ಮೂಲಕ ಹುಬ್ಬಳ್ಳಿಯನ್ನು ಸೇರಬಹುದು. ಹುಬ್ಬಳ್ಳಿ–ಅಂಕೋಲೆಯ ರೈಲುಮಾರ್ಗ ಇನ್ನೂ ಕಡಲನ್ನು ಮುಟ್ಟಿಲ್ಲವಾದುದರಿಂದ ಮುಂದಿನದು ಕಾರಿನ ದಾರಿ: ದಾಂಡೇಲಿ, ಉಳವಿ, ಬಳಿಕ ಘಟ್ಟವಿಳಿದು ಕಾರವಾರ.

ಕಾರನ್ನು ತಾನೇ ಓಡಿಸುವೆನೆಂದು ಮಗ ಹಟ ಹಿಡಿದ. ಗಿರಾಕಿಯೇ ಓಡಿಸಲು ಕೊಡುವ ಬಾಡಿಗೆಯ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಚಾಲಕನೊಡನೆ ಬರುವ ಟ್ಯಾಕ್ಸಿಗೆ ಹಳದಿಯ ಮೇಲೆ ಕಪ್ಪು. ಬಣ್ಣ ತಿರುಗುಮುರುಗಾದರೆ ಹೊಣೆಯೂ ತಿರುಗುಮುರುಗು. ಬಯಲುಸೀಮೆಯ ನೇರ ರಸ್ತೆಯಲ್ಲಿ ಕಲಿತ ಕೈಗೆ ಘಟ್ಟದ ತಿರುವು ಬೇರೆಯೇ ಪಾಠ. ಖಾಲಿ ಗಾಡಿ ಹಿಂದಿರುಗುವ ಬಾಡಿಗೆಯನ್ನು ತೆತ್ತಾದರೂ ಸರಿ, ಚಾಲಕನೇ ಲೇಸೆಂದು ತೀರ್ಮಾನವಾಯಿತು.

ಕಾರವಾರದಿಂದ ಕೊಂಕಣ ರೈಲು. ೧೯೯೮ರ ಜನವರಿ ೨೬ರಂದು ಪೂರ್ಣವಾಗಿ ತೆರೆದ ಈ ಮಾರ್ಗ ರೋಹಾದಿಂದ ತೋಕೂರಿನವರೆಗೆ ಸುಮಾರು ೭೪೦ ಕಿ.ಮೀ. ಹೊನ್ನಾವರದ ಬಳಿ ಶರಾವತಿಯ ಸೇತುವೆಯೊಂದೇ ಎರಡು ಕಿ.ಮೀ. ಉದ್ದ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯದಿಂದ ಇಲ್ಲಿ ವೇಗ ತಗ್ಗಿಸಿ ಬೇರೆಯೇ ವೇಳಾಪಟ್ಟಿ ನಡೆಸುತ್ತಾರೆ. ಆದುದರಿಂದ ಡಿಸೆಂಬರನ್ನು ಆರಿಸಿದೆ. ಮೂರು ವಾರ, ಹದಿನಾರು ಊರು: ಗೋಕರ್ಣ, ಮಿರ್ಜಾನ ಕೋಟೆ, ಮುರ್ಡೇಶ್ವರ, ಬಾರಕೂರು, ಉಡುಪಿ, ಮಂಗಳೂರು, ಕಾಸರಗೋಡಿನಾಚೆಯ ಬೇಕಲದವರೆಗೆ. ಪಟ್ಟಿಯನ್ನು ಅವ್ವನಿಗೆ ಹೆಮ್ಮೆಯಿಂದ ಓದಿ ಹೇಳಿದೆ.

“ಇಷ್ಟೆಲ್ಲಾ ತಿರುಗಿದ್ರ ಸಮುದ್ರ ನೋಡೂದು ಯಾವಾಗ, ತಮ್ಮಾ?” ಎಂದಳು.

ಉತ್ತರ ಹೊಳೆಯಲಿಲ್ಲ. ಹತ್ತು ವರ್ಷ ಕಾಯಿಸಿದ ನಾನು, ಈಗ ಅವಳನ್ನು ಓಡಿಸಲು ಹೊರಟಿದ್ದೆ. ಪಟ್ಟಿಯಲ್ಲಿ ಹನ್ನೆರಡು ಊರುಗಳ ಮೇಲೆ ಗೆರೆ ಎಳೆದೆ. ಉಳಿದುವು ಕಾರವಾರ, ಗೋಕರ್ಣ, ಉಡುಪಿ, ಮಂಗಳೂರು. ಒಂದೊಂದರಲ್ಲಿ ಕೆಲವು ದಿನ, ಕಿಟಕಿಯಿಂದ ನೀರು ಕಾಣುವಂಥ ಕೋಣೆ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ದೂರ. ಅಲ್ಲಿ ಮಾತ್ರ ಮತ್ತೆ ಕಾರು.

ಮುಂಗಡ ಟಿಕೇಟಿನ ಅವಧಿ ಮೊದಲು ೧೨೦ ದಿನವಿತ್ತು. ೨೦೨೪ರ ನವೆಂಬರಿನಿಂದ ೬೦ ದಿನಕ್ಕೆ ಇಳಿದಿದೆ. ಎರಡೇ ತಿಂಗಳ ದೂರದ ದಿನವನ್ನು ‘ಮುಂದಿನ ವರ್ಷ’ ಎನ್ನಲು ಬಾಯಿ ಬಾರದು. ಇಂದು ಬೆಳಿಗ್ಗೆ ಟಿಕೇಟು ಕಾದಿರಿಸಿದೆ.

ಅವ್ವ ಆಗಲೇ ಒಂದು ಖಾಲಿ ಸೀಸೆಯನ್ನು ತೊಳೆದು ಬಿಸಿಲಿಗಿಟ್ಟಿದ್ದಾಳೆ. ಓಣಿಯಲ್ಲಿ ಅವಳ ವಾರಿಗೆಯ ಗೆಳತಿಯೊಬ್ಬಳು ಹಾಸಿಗೆ ಹಿಡಿದಿದ್ದಾಳೆ. ಅವಳಿಗೂ ಕಡಲ ನೀರು ಮುಟ್ಟಿಸಬೇಕಂತೆ.