ಕತ್ತಲೆಕಾನಿನ ಮರ: ಒಂದು ಜಡ್ಡಿಯ ಅಳಿವು–ಉಳಿವು

ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳ ನಡುವೆ ಅಚ್ಚಕನ್ನಡದ ಒಂದು ಊರಿನ ಹೆಸರಿದೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಸಿಕ್ಕ ಈ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ 2000ರಲ್ಲಿ ಹೊಸ ಪ್ರಭೇದವೆಂದು ಜಗತ್ತಿಗೆ ಪರಿಚಯಿಸಿದರು. ಮಲೆನಾಡಿನವರಿಗೆ ಕಾನು ಎಂದರೆ ನಿತ್ಯಹರಿದ್ವರ್ಣದ ದಟ್ಟ ಕಾಡು. ಹಗಲಲ್ಲೂ ಬಿಸಿಲು ನೆಲ ಮುಟ್ಟದ ಕಾಡಿಗೆ ಕತ್ತಲೆಕಾನು ಎಂಬ ಹೆಸರು ಸಹಜವಾಗಿಯೇ ಒಪ್ಪುತ್ತದೆ.

ಇದು ಮಾವು, ಗೋಡಂಬಿಗಳ ಕುಟುಂಬದ ಮರ. ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಮರಕ್ಕೆ ಹತ್ತಿರದ ನೆಂಟ. ಆದರೆ ಕೇರುಮರ ಒಣನಾಡಿನಲ್ಲೂ ಬೆಳೆಯುತ್ತದೆ, ಕತ್ತಲೆಕಾನಿನ ಮರಕ್ಕೆ ಮಾತ್ರ ವರ್ಷವಿಡೀ ನೀರು ಜಿನುಗುವ ಕೆಸರುನೆಲವೇ ಬೇಕು. ಇಂಥ ನೆಲವನ್ನು ಅಲ್ಲಿನವರು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಜಾಯಿಕಾಯಿ ಕುಟುಂಬದ ಮರಗಳು ಇಲ್ಲಿ ಹೆಚ್ಚು. ಕೆಸರಿನಲ್ಲಿ ಗಾಳಿ ಸಾಲದೆ ಅವುಗಳ ಬೇರುಗಳು ಮೊಣಕಾಲು ಮಡಚಿದಂತೆ ನೆಲದಿಂದ ಮೇಲೆದ್ದು ಉಸಿರಾಡುತ್ತವೆ. ಬೇಸಿಗೆಯಲ್ಲೂ ಕೆಳಗಿನ ಹಳ್ಳಗಳು ಹರಿಯುವಲ್ಲಿ ಇಂಥ ಜಡ್ಡಿಗಳ ಪಾಲು ದೊಡ್ಡದು.

ಈ ಮರ ಅಳಿವಿನಂಚಿಗೆ ಬಂದದ್ದಕ್ಕೆ ಕೊಡಲಿಯೊಂದೇ ಕಾರಣವಲ್ಲ. ನೀರು ನಿಲ್ಲುವ ತಗ್ಗು ಭತ್ತಕ್ಕೂ ಅಡಿಕೆಗೂ ಹೇಳಿಮಾಡಿಸಿದ ಜಾಗ. ತಲೆಮಾರುಗಳಿಂದ ಜಡ್ಡಿಗಳು ಗದ್ದೆ, ತೋಟಗಳಾದವು. ಮರ ಕಡಿಯದಿದ್ದರೂ ಮೇಲಿನ ಹಳ್ಳಕ್ಕೆ ಕಾಲುವೆ ತೋಡಿ ನೀರು ತಿರುಗಿಸಿದರೆ ಸಾಕು, ಕೆಸರು ಒಣಗಿ ಸಸಿಗಳು ಉಳಿಯುವುದಿಲ್ಲ.

ಇನ್ನೊಂದು ತೊಡಕು ಮರದ ಸ್ವಭಾವದಲ್ಲೇ ಇದೆ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಜಡ್ಡಿಯಲ್ಲಿ ಹತ್ತು ಮರ ಉಳಿದಿದ್ದರೂ ಕಾಯಿ ಬಿಡುವವು ಅದರಲ್ಲಿ ಕೆಲವೇ. ಹತ್ತಿರ ಗಂಡು ಮರವಿಲ್ಲದಿದ್ದರೆ ಅವೂ ಬಂಜೆ. ಜಡ್ಡಿಯ ಮರಗಳ ಬೀಜವನ್ನು ರಾಗಿ, ಜೋಳದಂತೆ ಒಣಗಿಸಿ ವರ್ಷಗಟ್ಟಲೆ ಕಾಪಿಡಲೂ ಆಗದು. ತೇವ ಆರಿದರೆ ಮೊಳಕೆಯ ಶಕ್ತಿ ಹೋಗುತ್ತದೆ. ಬಿದ್ದ ಬೀಜವನ್ನು ಬೇಗನೆ ಆಯ್ದು, ನರ್ಸರಿಯಲ್ಲಿ ಸಸಿ ಮಾಡಿ, ಮತ್ತೆ ಒದ್ದೆ ನೆಲಕ್ಕೇ ಒಯ್ದು ನೆಡಬೇಕು. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಈ ಮರದ ಸಂತಾನಕ್ರಮವನ್ನು ಅಧ್ಯಯನ ಮಾಡಿದ್ದಾರೆ. ಆದರೆ ನೆಡಲು ಜಡ್ಡಿಯೇ ಉಳಿಯದಿದ್ದರೆ ಸಸಿ ಎಷ್ಟಿದ್ದರೂ ವ್ಯರ್ಥ.

ಕತ್ತಲೆಕಾನಿನ ಮರ ಉತ್ತರ ಕನ್ನಡದ ಸುತ್ತಿನದಾದರೂ ಅದು ನೆಚ್ಚಿದ ಬಗೆಯ ಜೌಗು ರಾಜ್ಯದ ಗಡಿ ನೋಡಿ ಬೆಳೆದದ್ದಲ್ಲ. ಗೋವಾದ ಸತ್ತರಿ ತಾಲೂಕಿನಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ, ನಮ್ಮ ಕಾಸರಗೋಡಿನ ಕಮ್ಮಾಡಂ ಕಾವಿನಲ್ಲಿ ಜಾಯಿಕಾಯಿ ಜೌಗುಗಳ ತುಣುಕುಗಳಿವೆ. ಇವುಗಳಲ್ಲಿ ಹಲವು ಉಳಿದದ್ದು ದೇವರ ಹೆಸರಿನಲ್ಲಿ. ಬನ, ಕಾವು, ರಾಯಿ ಎಂದು ಕರೆದು ಜನ ಕೊಡಲಿ ಹಾಕದೆ ಬಿಟ್ಟಿದ್ದರಿಂದ.

ಆ ನಂಬಿಕೆಯಿದ್ದಲ್ಲೂ ಈಗ ಬನದ ಗುಡಿ ದೊಡ್ಡದಾಗುತ್ತಿದೆ, ಬನ ಚಿಕ್ಕದಾಗುತ್ತಿದೆ. ಅಂಗಳಕ್ಕೆ ಕಾಂಕ್ರೀಟ್ ಹಾಕುವ ಮುನ್ನ, ಒರತೆಗೆ ಪೈಪ್ ಇಡುವ ಮುನ್ನ ಊರಿನವರು ಕೂತು ಮಾತಾಡಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆಯನ್ನು ಅದು ಬರೆಸಬೇಕು. ಗಡಿನಾಡಿನಲ್ಲಿ ಆ ದಾಖಲೆ ಮಲಯಾಳದಲ್ಲೋ ಮರಾಠಿಯಲ್ಲೋ ಇರಬಹುದು. ನಮ್ಮ ಹಿರಿಯರು ಮರವನ್ನು ಕರೆಯುವ ಹೆಸರೂ ಅದರಲ್ಲಿ ಸೇರುವಂತೆ ನೋಡಿಕೊಳ್ಳೋಣ. ಹೆಸರು ಹಿಡಿದು ಕರೆಯುವವರು ಇರುವಷ್ಟು ದಿನ ಮರ ಕಾಣೆಯಾದರೆ ಕೇಳುವವರೂ ಇರುತ್ತಾರೆ.