ಅಮ್ಮ ತೋರಿಸಿದ ಹಸಿರು ಪಟ್ಟೆ

ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಬಡಾವಣೆಯಲ್ಲಿ ಜುಲೈ ಎಂದರೆ ಹುಲ್ಲೆಲ್ಲ ಹಳದಿಗೆ ತಿರುಗುವ ಕಾಲ. ಬಿಸಿಲು 38 ಡಿಗ್ರಿ ದಾಟುತ್ತದೆ. ಇಲ್ಲಿನ ಹಲವು ಊರುಗಳಲ್ಲಿ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಸ್ಪ್ರಿಂಕ್ಲರ್ ಹಾಕುವಂತಿಲ್ಲ, ಅದೂ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಪೂರ್ತಿ ನಿಷೇಧ. ಹೀಗಿರುವಾಗ ಗದಗದಿಂದ ಬಂದಿದ್ದ ಅಮ್ಮ ಒಂದು ಸಂಜೆ ಅಂಗಳದ ಮೂಲೆ ತೋರಿಸಿ, ‘ಎಲ್ಲಾ ಒಣಗೇತಿ, ಇದೊಂದು ಪಟ್ಟಿ ಯಾಕ ಇಷ್ಟು ಹಸರ ಐತಿ?’ ಎಂದು ಕೇಳಿದರು. ನಾವಿಬ್ಬರೂ ‘ಅಲ್ಲಿ ನೆರಳು ಜಾಸ್ತಿ’ ಎಂದು ಹೇಳಿ ಒಳಗೆ ಬಂದೆವು. ಅಲ್ಲಿ ನೆರಳೇ ಇರಲಿಲ್ಲ!

ಆ ತಿಂಗಳ ನೀರಿನ ಬಿಲ್ ಬಂದಾಗ ಅಮ್ಮನ ಮಾತು ನೆನಪಾಯಿತು. ಹಿಂದಿನ ವರ್ಷ ಅದೇ ತಿಂಗಳು 12 ಸಾವಿರ ಗ್ಯಾಲನ್ ಬಳಸಿದ್ದೆವು, ಈ ಸಲ 21 ಸಾವಿರ. ಬಳಕೆ ಹೆಚ್ಚಿದಂತೆ ದರವೂ ಏರುವ ಪದ್ಧತಿ ಇಲ್ಲಿಯದು, ಹಾಗಾಗಿ ಪೆಟ್ಟು ಜೋರಾಗಿಯೇ ಬಿತ್ತು.

ರಸ್ತೆ ಬದಿಯ ಮೀಟರ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮುಖದ ಮೇಲೆ ಒಂದು ಪುಟ್ಟ ಕೆಂಪು ತ್ರಿಕೋನ ಇರುತ್ತದೆ. ಮನೆಯಲ್ಲಿ ಯಾರೂ ನೀರು ಬಳಸದಿದ್ದಾಗ ಅದು ಅಲ್ಲಾಡಬಾರದು. ನಮ್ಮದು ಬುಗುರಿಯಂತೆ ತಿರುಗುತ್ತಿತ್ತು. ರಾತ್ರಿ 10ಕ್ಕೆ ಅಂಕಿ ಬರೆದಿಟ್ಟು, ಸ್ಪ್ರಿಂಕ್ಲರ್ ಬಂದ್ ಮಾಡಿ ಮಲಗಿ, ಬೆಳಿಗ್ಗೆ 5ಕ್ಕೆ ನೋಡಿದರೆ 90 ಗ್ಯಾಲನ್ ಹೋಗಿತ್ತು. ಅಂದರೆ ಸುಮಾರು 340 ಲೀಟರ್, ಒಂದು ಹನಿಯೂ ಯಾರ ಬಾಯಿಗೂ ಹೋಗದೆ! ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ, ನೀರಾವರಿ ಕೊಳವೆಯಲ್ಲಿ ಒಂದು ಇಂಚಿನ 32ನೇ ಒಂದು ಭಾಗದಷ್ಟು ತೂತಿದ್ದರೂ ತಿಂಗಳಿಗೆ ಸುಮಾರು 6,300 ಗ್ಯಾಲನ್ ಪೋಲಾಗುತ್ತದೆ.

ಸೋರುವುದು ಮನೆಯೊಳಗೋ ಅಂಗಳದಲ್ಲೋ ಎಂಬುದನ್ನು ತಿಳಿಯುವುದು ಸುಲಭ. ಕೊಳವೆಯ ನೀರು ಹಿಂದಕ್ಕೆ ಹರಿದು ಕುಡಿಯುವ ನೀರಿಗೆ ಸೇರದಂತೆ ತಡೆಯುವ ಕವಾಟವೊಂದು ಮೀಟರ್ ಹತ್ತಿರವೇ ಇದೆ. ಅದನ್ನು ಮುಚ್ಚಿದ ಕೂಡಲೇ ತ್ರಿಕೋನ ನಿಂತಿತು. ಕಳ್ಳ ಅಂಗಳದಲ್ಲೇ ಇದ್ದ.

ಹಸಿರು ಪಟ್ಟೆ ಇದ್ದುದು ಆ ವಲಯದ ಅತಿ ತಗ್ಗಿನ ಸ್ಪ್ರಿಂಕ್ಲರ್ ತಲೆಯ ಸುತ್ತ. ನೀರು ಬಿಡದಿದ್ದಾಗಲೂ ಒಂದೇ ಸಮನೆ ಅಲ್ಲಿ ಜಿನುಗುತ್ತಿದ್ದರೆ ಅದು ತಲೆಯ ತಪ್ಪಲ್ಲ, ಹಿಂದಿರುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದರ್ಥ. ನೀರು ಬಂದ್ ಮಾಡಿ, ವಾಲ್ವ್‌ನ ತಿರುಪುಗಳನ್ನು ಬಿಚ್ಚಿದೆವು. ಒಳಗಿನ ಸ್ಪ್ರಿಂಗ್ ಚಂಗನೆ ಹಾರಿ ಹುಲ್ಲಿಗೆ ಬಿತ್ತು, ಹುಡುಕಲು ಕಾಲು ಗಂಟೆ. ರಬ್ಬರ್ ಪೊರೆಯ ಅಂಚಿನಲ್ಲಿ ಒಂದು ಮರಳಿನ ಕಣ ಕೂತು ಸೀಳು ಮಾಡಿತ್ತು. ಅದೇ ಮಾದರಿಯ ಹೊಸ ಪೊರೆ ತಂದು ಹಾಕಿದೆವು. ಜಿನುಗು ನಿಂತಿತು, ತ್ರಿಕೋನವೂ ನಿಂತಿತು. ಗೆದ್ದೆವು ಎಂದುಕೊಂಡೆವು.

ಆದರೆ ಪರೀಕ್ಷೆಗೆಂದು ಒಂದೊಂದೇ ವಲಯ ಓಡಿಸಿದಾಗ, ಮನೆಯ ಗೋಡೆಯ ಪಕ್ಕದ ಮೂರು ತಲೆಗಳು ಅರ್ಧಕ್ಕೇ ಏಳಲಾರದೆ ಕೂತವು. ಗೋಡೆಯಿಂದ ಒಂದಡಿ ದೂರದಲ್ಲಿ ನೆಲ ಗುಳುಗುಳು ಎನ್ನುತ್ತಿತ್ತು. ಈ ಸೋರಿಕೆ ವಲಯ ಓಡಿದಾಗ ಮಾತ್ರ ಇರುವುದರಿಂದ ತ್ರಿಕೋನಕ್ಕೆ ಸಿಕ್ಕಿರಲಿಲ್ಲ. ನಮಗೆ ನಿಜವಾದ ಭಯ ಹುಟ್ಟಿದ್ದು ಇಲ್ಲಿ.

ಕಾರಣ ಈ ನೆಲ. ಇಲ್ಲಿನ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಮಣ್ಣು ನಮ್ಮ ಗದಗ–ಧಾರವಾಡದ ಎರೆ ಭೂಮಿಯ ಅಣ್ಣತಮ್ಮ, ಹತ್ತಿ ಬೆಳೆಯೂ ಎರಡೂ ಕಡೆ ಉಂಟು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಎಳೆದಾಟಕ್ಕೆ ಪಿವಿಸಿ ಕೊಳವೆಯ ಕೂಡುಗಳು ಬಿಟ್ಟುಕೊಳ್ಳುತ್ತವೆ. ಜೊತೆಗೆ ಕಾಂಕ್ರೀಟ್ ಹಾಸಿನ ಮೇಲೆ ಕೂತ ಮನೆಯ ಒಂದು ಬದಿ ನೆನೆದು ಇನ್ನೊಂದು ಬದಿ ಒಣಗಿದರೆ ಅಡಿಪಾಯವೇ ಓರೆಯಾಗಬಹುದು. ಹಳೇ ಎರೆ ಹೊಲದ ಮನೆಗಳ ಗೋಡೆ ಬಿರುಕು ಕಂಡಿದ್ದ ಅಮ್ಮನಿಗೆ ನಾವು ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಕರೆಸಿದ ಕೆಲಸಗಾರರು ಹೇಳಿದ್ದು ಕೆಲವು ನೂರು ಡಾಲರ್, ಅದೂ ಎರಡು ವಾರದ ನಂತರ. ಟೆಕ್ಸಾಸ್‌ನಲ್ಲಿ ನೀರಾವರಿ ಕೆಲಸಕ್ಕೆ ಪರವಾನಗಿ ಬೇಕು, ಆದರೆ ತನ್ನ ಮನೆಯದನ್ನು ಮಾಲೀಕನೇ ಸರಿಪಡಿಸಿಕೊಳ್ಳಬಹುದು. ಅಗೆಯುವ ಮುನ್ನ 811ಕ್ಕೆ ಕರೆ ಮಾಡಿ ಅನಿಲ, ವಿದ್ಯುತ್ ತಂತಿಗಳ ಗುರುತು ಹಾಕಿಸಿಕೊಂಡೆವು. ಅದು ಉಚಿತ.

ಮೊದಲ ದುರಸ್ತಿ ಕೆಟ್ಟಿತು. ಗುಂಡಿ ಚಿಕ್ಕದಾಗಿ ಅಗೆದಿದ್ದೆವು. ಕೆಸರು ನೀರು ಕೊಳವೆಯ ಬಾಯಿಗೆ ಬರುತ್ತಿದ್ದರೂ ಆತುರದಲ್ಲಿ ಅಂಟು ಹಚ್ಚಿದೆವು. ಮರುದಿನ ನೀರು ಬಿಟ್ಟ ಅರ್ಧ ನಿಮಿಷಕ್ಕೆ ಕೂಡು ಕಿತ್ತು ಬಂತು. ಎರಡನೇ ಸಲ ಕೊಳವೆಯ ಎರಡೂ ಕಡೆ, ಕೆಳಗೂ ಕೈಯಾಡುವಷ್ಟು ಅಗಲವಾಗಿ ಅಗೆದು, ನೀರನ್ನು ಸ್ಪಂಜಿನಿಂದ ಹೀರಿ ಒರೆಸಿದೆವು. ಹಾಳಾದ ತುಂಡನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಪ್ಪೆ ಕೆರೆದು, ನೇರಳೆ ಬಣ್ಣದ ಪ್ರೈಮರ್, ಅದರ ಮೇಲೆ ಅಂಟು. ಒಳಗೆ ತೂರಿಸುವಾಗ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಅದು ತಾನೇ ಹಿಂದಕ್ಕೆ ಜಾರುತ್ತದೆ. ಎರಡು ಗಟ್ಟಿ ಕೊಳವೆಗಳ ನಡುವೆ ಉದ್ದ ಹೊಂದಿಸಲು ದೂರದರ್ಶಕದಂತೆ ಹಿಗ್ಗುವ ಜೋಡಣೆ ಸಿಗುತ್ತದೆ. ಮೊದಲ ಸಲವೇ ಅದನ್ನು ತಂದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. ರಾತ್ರಿಯಿಡೀ ಒಣಗಲು ಬಿಟ್ಟು, ಕೊನೆಯ ತಲೆಯ ನಳಿಕೆ ಬಿಚ್ಚಿ, ಒಳಗೆ ಸೇರಿದ್ದ ಮಣ್ಣೆಲ್ಲ ಹೊರಬರುವವರೆಗೆ ನೀರು ಹರಿಸಿದೆವು. ಗುಂಡಿಯನ್ನು ಮಾತ್ರ ಎರಡು ದಿನ ತೆರೆದೇ ಇಟ್ಟೆವು.

ಮೂರನೇ ದಿನ ವಲಯ ಓಡಿಸಿದಾಗ ಮೂರು ತಲೆಗಳೂ ಎದ್ದು ನಿಂತವು, ಗುಂಡಿ ಒಣಗಿತ್ತು. ದುರಸ್ತಿಯ ರಸೀದಿ ತೋರಿಸಿದ್ದಕ್ಕೆ ನಗರದವರು ಬಿಲ್‌ನಲ್ಲಿ ಸ್ವಲ್ಪ ಕಡಿತವನ್ನೂ ಕೊಟ್ಟರು. ಎಲ್ಲ ಊರುಗಳಲ್ಲೂ ಈ ಸೌಲಭ್ಯ ಇಲ್ಲ, ಕೇಳಿ ನೋಡಬೇಕು.

ಅಮ್ಮ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದರು. ಆ ಪಟ್ಟೆ ಈಗ ಉಳಿದ ಹುಲ್ಲಿನಷ್ಟೇ ಹಳದಿ. ಭಾನುವಾರದ ವಿಡಿಯೋ ಕರೆಯಲ್ಲಿ ಮೊಮ್ಮಕ್ಕಳ ಕ್ಷೇಮ ಕೇಳಿದ ಮೇಲೆ, ‘ಆ ಕೆಂಪಂದು ತಿರಗಾಕತ್ತೈತೇನು?’ ಎನ್ನುತ್ತಾರೆ. ನಮ್ಮಲ್ಲೊಬ್ಬರು ಫೋನ್ ಹಿಡಿದು ಮೀಟರ್ ಪೆಟ್ಟಿಗೆಯ ಬಳಿ ಹೋಗಲೇಬೇಕು.